ಗವರ್ನರನ ಫಲಕ

ಅಮೆರಿಕದ ಬ್ಯೂಮಾಂಟ್ ಊರಿನ ಕಡೆ ಹೋಗುವ ಬಸ್ಸಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ಕೂತಿದ್ದರು. ಅವಳ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು.

"ಅಮೆರಿಕದ ಹಳೇ ಗವರ್ನರ್ ಸ್ಮಾರಕಕ್ಕೆ ನೀನ್ಯಾಕೆ ಜಗಳ ಆಡ್ತೀಯ, ಮಧು?" ಗಂಡ ಕೇಳಿದ.

"ಸ್ಮಾರಕದ ಫಲಕ ಮಾಡೋದು ನಮ್ಮ ಆಫೀಸು, ಬರಹ ನಂದು. ಶಾಲೆ ಕಟ್ಟಿಸಿದ, ವೀರಯೋಧ ಅಂತ ಇದೆ. ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡ್ದ ಅನ್ನೋ ಸಾಲು ಬಾಸ್ ತೆಗಿ ಅಂತಾನೆ."

"ತೆಗಿ ಮತ್ತೆ. ನಿನ್ನ ವೀಸಾ ರಿನ್ಯೂವಲ್‌ಗೆ ಅವನೇ ಸೈನ್ ಹಾಕ್ಬೇಕು."

"ನಮ್ಮ ವೀರಗಲ್ಲಲ್ಲೂ ಯಾವ ಜಗಳದಲ್ಲಿ ಸತ್ತ ಅಂತ ಕೆಳಗೆ ಕೆತ್ತಿರ್ತಾರಲ್ಲ."

"ಅಯ್ಯೋ ತಾಯಿ, ಕೆತ್ತಿದವನಿಗೆ ವೀಸಾ ಬೇಕಿರ್ಲಿಲ್ಲ!"

ಅವಳು ನಗಲಿಲ್ಲ. ಲ್ಯಾಪ್‌ಟಾಪ್‌ನ ಕೀಲಿಯೊಂದನ್ನು ಒತ್ತಿದಳು.

"ಏನ್ ಮಾಡ್ದೆ?"

"ಸಾಲು ಇಟ್ಟೇ ಕಳಿಸ್ದೆ. ಏಳು, ಸ್ಟಾಪ್ ಬಂತು."

ಬಾಗಿಲ ಬಳಿ ಅವಳ ಫೋನ್ ರಿಂಗಾಯಿತು.

"ಬಾಸ್," ಅಂದಳು.

ಅವನು ಅವಳ ಬ್ಯಾಗ್ ತೆಗೆದುಕೊಂಡ.

"ಫೋನ್ ಎತ್ತು," ಅಂದ. ಇಬ್ಬರೂ ಇಳಿದರು.