ಕಣ್ಣು ಕಟ್ಟಿಕೊಂಡು ಬರೆದ ಮುಖ

ಊರಿಗೆಲ್ಲ ‘ಬು’, ಅಂದರೆ ಅಮ್ಮ, ಆದ ವಾರ್ಸಿಯ ಮನೆಯಲ್ಲಿ ಟಿವಿ ಇರಲಿಲ್ಲ. ಊರಿನವರು ತನ್ನ ಗಂಡ, ಗಾಡಿಯಲ್ಲಿ ಸಾತೆ ಎಂಬ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ಮಾರುವ ಕಾರ್ಯೊನನ್ನು ಯಾಕೆ ಬಡಿದರೆಂದು ಅವಳಿಗೆ ತಿಳಿದದ್ದು ಕ್ಲಾತೆನ್ ಆಸ್ಪತ್ರೆಯ ಬೆಂಚಿನ ಮೇಲೆ. ಹೇಳಿದವನು ಪಕ್ಕದ ಮನೆಯ ತುಗಿಮಾನ್. ನಾನು ನನ್ನ ಸರದಿ ಕಾಯುತ್ತಾ ಎದುರಿಗೆ ಕೂತಿದ್ದೆ.

"ದೆವ್ವ ಹುಡುಕೋ ಕಾರ್ಯಕ್ರಮದೋರು ಹಳೇ ಸಕ್ಕರೆ ಕಾರ್ಖಾನೆಗೆ ಬಂದಿದ್ರಲ್ಲ, ಬು. ಅವರ ಚಿತ್ರಗಾರ ಕಣ್ಣಿಗೆ ಬಟ್ಟೆ ಕಟ್ಕೊಂಡು ಅಲ್ಲಿನ ದೆವ್ವದ ಮುಖ ಬರೆದ. ನಿನ್ನೆ ಟಿವೀಲಿ ತೋರ್ಸಿದ್ರು."

"ಅದಕ್ಕೂ ನಮ್ಮೆಜಮಾನ್ರಿಗೂ ಏನೋ ಸಂಬಂಧ?"

"ಮುಖ ನಮ್ಮ ಕಾರ್ಯೊ ಅಪ್ಪಂದೇ. ಅದೇ ಬೋಳು ತಲೆ, ಅದೇ ಹರಿದ ಕಿವಿ. ದೆವ್ವಕ್ಕೆ ಇವನ ಮುಖ ಇದ್ರೆ ಅದನ್ನ ಸಾಕಿರೋ ಮಾಟಗಾರ ಇವನೇ ಅಂತ ದೊಣ್ಣೆ ತಗೊಂಡು ಎದ್ರು."

"ಅಯ್ಯೋ, ಆ ಚಿತ್ರಗಾರ ಕಾರ್ಖಾನೆಗೆ ಬಂದ ದಿನ ಸಾಯಂಕಾಲ ನಮ್ಮ ಗಾಡೀಲೇ ಮೇಕೆ ಸಾತೆ ತಿಂದ. ಇವರ ಮುಖಾನೇ ನೋಡ್ತಾ ಕೂತಿದ್ದ."

"ನಾನೂ ಅಲ್ಲೇ ತಿಂತಿದ್ದೆ. ಕಣ್ಣು ಕಟ್ಟಿದ್ರೆ ನೋಡಿದ ಮುಖ ಮರೆತುಹೋಗುತ್ತಾ? ಬರೀ ಬುರುಡೆ ಕಾರ್ಯಕ್ರಮ ಅಂತ ವಾರವಾರ ನೋಡಿ ನಗ್ತಿದ್ದೆ."

"ದೊಣ್ಣೆ ತಗೊಂಡೋರಿಗೆ ಇದನ್ನ ಹೇಳೋಕೇನಾಗಿತ್ತು ನಿಂಗೆ?"

"ಹೇಳ್ದೆ, ಬು. ಒಬ್ಬ ಕುತ್ತಿಗೆಗೆ ಕುಡುಗೋಲು ಇಟ್ಟ. ಬಾಯಿ ಮುಚ್ಕೊಂಡೆ."

"ನಾನು ಅವರ ಕಾಲು ಹಿಡ್ಕೊಂಡೆ. ಒದ್ರು. ಇವರ ಬಲಗೈನ ಇವರದೇ ಕೆಂಡದ ಮೇಲೆ ಒತ್ತಿ ಹಿಡಿದ್ರು. ಅರ್ಧ ಜನ ನಮ್ಮ ಸಾತೆ ತಿಂದು ಬೆಳೆದೋರೇ."

"ನಮ್ಮನೆ ಟಿವೀನ ಇವತ್ತೇ ಒಡೆದು ಹಾಕ್ತೀನಿ."

"ಒಡೀಬೇಡ. ಚಿತ್ರ ಮತ್ತೆ ಯಾವಾಗ ತೋರಿಸ್ತಾರೆ ನೋಡಿ ಹೇಳು. ಅದು ನೋಡಿದ್ರೆ ಮತ್ತೆ ಬರ್ತಾರೆ. ಅದಕ್ಕೆ ಮುಂಚೆ ಇವರನ್ನ ನನ್ನ ತಂಗಿ ಊರಿಗೆ ಸಾಗಿಸ್ಬೇಕು."

ನರ್ಸ್ ಬಾಗಿಲಲ್ಲಿ ನಿಂತು ಕಾರ್ಯೊನ ಕಡೆಯವರನ್ನು ಕರೆದಳು. ಜೀವಕ್ಕೆ ಅಪಾಯವಿಲ್ಲ ಎಂದಳು. ಇಬ್ಬರೂ ಎದ್ದು ಒಳಗೆ ಹೋದರು.

ಕಾರ್ಯೊ ಕಳೆದುಕೊಂಡದ್ದು ಒಂದು ಕಣ್ಣು, ಬಲಗೈಯ ಮೂರು ಬೆರಳು, ಒಂದು ಸಾತೆ ಗಾಡಿ.