ಅಕ್ಕನ ಮನೆಯ ಮೊದಲ ಹೋಳಿಗೆ

ಒಂದೂರಲ್ಲಿ ಒಬ್ಬ ಅನುಕೂಲಸ್ಥ ಇದ್ದ. ಅವನ ಹೆಸರು ನಾನು ಹೇಳೋದಿಲ್ಲ. ಹೇಳಿದರೆ ನೀವು, ಇದು ಯಾರದ್ದೋ ಕಥೆ ಅಂದುಕೊಂಡು ನೆಮ್ಮದಿಯಾಗಿ ಕೂತುಬಿಡ್ತೀರಿ.

ಅವನಿಗೆ ಹೆಂಡತಿ, ಮನೆ, ಕಾರು, ಎಲ್ಲ ಇತ್ತು. ರಜೆ ಬಂತು. ಗಂಡ ಹೆಂಡತಿ ಇಬ್ಬರೂ ಚಿತ್ರದುರ್ಗದ ಕೋಟೆ ನೋಡೋಕೆ ಹೊರಟರು. ಅಲ್ಲೇ ದಾರೀಲಿ ಅವನ ಅಕ್ಕನ ಊರು. "ಹಾಗೇ ಅಕ್ಕನ್ನೂ ನೋಡ್ಕೊಂಡು ಹೋಗೋಣ" ಅಂದ. ಆ "ಹಾಗೇ" ಅನ್ನೋ ಮಾತು ಕೇಳಿಸಿಕೊಂಡ್ರಾ? ಕೋಟೆಗೆ ಹೋಗೋದು, ಅಕ್ಕನ್ನ ಹಾಗೇ ನೋಡೋದು!

ಅಕ್ಕ ಗಂಡನ್ನ ಕಳಕೊಂಡು ವರ್ಷ ತುಂಬಿತ್ತು. ಅವರ ಕಡೆ ಒಂದು ಪದ್ಧತಿ. ಸಾವಾದ ಮನೇಲಿ ಸಿಹಿ ಮಾಡೋದಿಲ್ಲ, ಹಬ್ಬ ಮಾಡೋದಿಲ್ಲ. ವರ್ಷ ಕಳೆದ ಮೇಲೆ ತವರಿನವರು ಬರಬೇಕು, ಆ ಮನೇಲಿ ಕೂತು ಮೊದಲ ಹೋಳಿಗೆ ಉಣ್ಣಬೇಕು. ಆಮೇಲೆ ಮನೆಯವರು ಬಾಯಿಗೆ ಸಿಹಿ ಇಡಬಹುದು. ತವರು ಅಂತ ಅವಳಿಗೆ ಉಳಿದಿದ್ದವನು ಈ ತಮ್ಮ ಒಬ್ಬನೇ. ಯುಗಾದಿ ಹೋಯ್ತು, ದೀಪಾವಳಿ ಹೋಯ್ತು. ಅಕ್ಕಪಕ್ಕದ ಮನೆಯಿಂದ ಹೋಳಿಗೆ ವಾಸನೆ ಬಂದರೆ ಅವಳ ಎರಡು ಹೆಣ್ಣುಮಕ್ಕಳು ಬಾಗಿಲು ಹಾಕ್ಕೊಂಡು ಕೂರ್ತಿದ್ವು.

ತಮ್ಮ ಬರ್ತೀನಿ ಅಂತ ಫೋನ್ ಮಾಡಿದಾಗ ಅವಳು ಏನು ತಿಳ್ಕೊಂಡಿರಬೇಕು, ನೀವೇ ಹೇಳಿ. ಬೆಳಿಗ್ಗೆನೇ ಎದ್ದು ಬೇಳೆ ಬೇಯಿಸಿದಳು, ಹೂರಣ ರುಬ್ಬಿದಳು, ಕಣಕ ಕಲಸಿಟ್ಟಳು.

ಕಾರು ಬಂತು. ಗಂಡ ಹೆಂಡತಿ ಒಳಗೆ ಬಂದರು, ತಮ್ಮ ಪೇಟೆಯ ದೊಡ್ಡ ಅಂಗಡಿಯ ಮಿಠಾಯಿ ಡಬ್ಬಿ ಟೇಬಲ್ ಮೇಲಿಟ್ಟ. ಕೂರಲೂ ಇಲ್ಲ.

"ಕೈಕಾಲು ತೊಳ್ಕೊಳೋ, ಎಲೆ ಹಾಕ್ತೀನಿ" ಅಂದಳು ಅಕ್ಕ.

"ಅಯ್ಯೋ, ಊಟ ಬೇಡ ಅಕ್ಕಾ, ಹೋಟೆಲಲ್ಲಿ ಆಯ್ತು. ನಿಂಗ್ಯಾಕೆ ತೊಂದರೆ? ಸಂಜೆ ಆದ್ರೆ ಕೋಟೆ ಬಾಗಿಲು ಹಾಕಿಬಿಡ್ತಾರೆ."

ನೋಡಿ, ಅವನು ಕೆಟ್ಟವನಲ್ಲ. ತೊಂದರೆ ಕೊಡಬಾರದು ಅಂತಾನೇ ಹೇಳಿದ್ದು. ಅಕ್ಕ ಹೋಳಿಗೆಯ ಮಾತೆತ್ತಲಿಲ್ಲ. ಯಾಕೆ ಎತ್ತಲಿಲ್ಲ? ಇದು ಕೇಳಿ ಮಾಡಿಸ್ಕೊಳ್ಳೋ ಕೆಲಸವೇನ್ರೀ? ಅವಳು ತಮ್ಮನ ಹೆಂಡತಿಯ ಹಣೆಗೆ ಕುಂಕುಮ ಇಡೋಕೆ ದೊಡ್ಡ ಮಗಳನ್ನ ಕರೆದಳು, ಬಾಗಿಲ ತನಕ ಬಂದಳು, ಕಾರು ಹೋಯ್ತು.

ಕೋಟೆ ನೋಡಿದರು. ಬಾಗಿಲು ನೋಡಿದರು, ಬುರುಜು ನೋಡಿದರು, ಫೋಟೋ ತೆಗೆದರು. ಹೆಂಡತಿ ಮಾತ್ರ ಸಪ್ಪಗಿದ್ದಳು. ಕೊನೆಗೆ ಮೆಟ್ಟಿಲ ಮೇಲೆ ನಿಂತು ಅಂದಳು, "ರೀ, ನಾನು ನೀರು ಕುಡಿಯೋಕೆ ಅಡುಗೆಮನೆಗೆ ಹೋಗಿದ್ದೆ. ಅಲ್ಲಿ ಹೂರಣ ರುಬ್ಬಿಟ್ಟಿದ್ರು. ಸಿಹಿ ಮಾಡದ ಮನೇಲಿ ಹೂರಣ ಯಾಕಿತ್ತು?"

ಅವನಿಗೆ ಆಗ ಹೊಳೀತು. ಆ ಮನೆಯ ಮೊದಲ ಹೋಳಿಗೆಗೆ ಅಕ್ಕ ತನ್ನನ್ನೇ ಕಾದಿದ್ದಳು. ಮೆಟ್ಟಿಲಿಳಿದು ಓಡಿದ. ಕಾರು ತಿರುಗಿಸ್ಕೊಂಡು ಬಂದ.

ದೀಪ ಹಚ್ಚೋ ಹೊತ್ತಿಗೆ ಅಕ್ಕನ ಮನೆ. ಬಾಗಿಲಲ್ಲೇ ತುಪ್ಪದ ವಾಸನೆ. ಒಳಗೆ ಎದುರುಮನೆ ಅಜ್ಜಿ ಎಲೆ ಮುಂದೆ ಕೂತಿದ್ದಾಳೆ. ಬಂಧುವಲ್ಲ, ಬಳಗವಲ್ಲ, ಒಬ್ಬ ಮುದುಕಿ, ತವರಿನವರ ಜಾಗದಲ್ಲಿ. ಚಿಕ್ಕ ಮಗಳು ಓಡಿಬಂದು ಮಾವನ ಕೈ ಹಿಡಿದಳು: "ಮಾವ, ಅಜ್ಜಿ ನಮ್ಮನೇಲಿ ಮೊದಲ ಹೋಳಿಗೆ ತಿಂದ್ರು! ಇನ್ಮೇಲೆ ನಾವೂ ತಿನ್ನಬಹುದಂತೆ!"

"ಅಕ್ಕಾ, ತಪ್ಪಾಯ್ತು" ಅಂದ. "ನಂಗೂ ಎಲೆ ಹಾಕು."

ಅಕ್ಕ ಬೈಯಲಿಲ್ಲ, ಅಳಲಿಲ್ಲ. ಎಲೆ ಹಾಕಿದಳು, ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು. ಬಡಿಸ್ತಾ ಒಂದು ಮಾತು ಅಂದಳು: "ಊಟ ಮಾಡಪ್ಪ. ಸಂಕೋಚ ಮಾಡ್ಕೋಬೇಡ."

ಸಂಕೋಚ ಮಾಡ್ಕೋಬೇಡ! ಈ ಮಾತನ್ನ ನಾವು ಯಾರಿಗೆ ಹೇಳ್ತೀವಿ? ಒಡಹುಟ್ಟಿದವನಿಗಾ? ಹೊರಗಿನವರಿಗೆ ಹೇಳ್ತೀವಿ. ಅವಳ ಕೈತುತ್ತು ತಿಂದು ಬೆಳೆದವನು ಅವಳ ಮನೇಲಿ ಆ ಹೊತ್ತು ಅತಿಥಿಯಾಗಿ ಕೂತು ಉಂಡ.

ಈಗ ನಿಮ್ಮ ಕಡೆ ಬರ್ತೀನಿ. ಬೇಜಾರು ಮಾಡ್ಕೋಬೇಡಿ. ನೀವೂ ರಜೆಗೆ ಹೋಗ್ತೀರಿ. ಹೋಗಿ, ನೋಡಿ, ತಪ್ಪೇನಿಲ್ಲ. ಆದರೆ ನೆಂಟರ ಮನೇನ ದಾರೀಲಿ ಸಿಗೋ ಪೆಟ್ರೋಲ್ ಬಂಕ್ ಮಾಡ್ಕೋಬೇಡಿ. ತೊಂದರೆ ಕೊಡಲ್ಲ ಅನ್ನೋ ನಿಮ್ಮ ದೊಡ್ಡತನ ಯಾರಿಗೆ ಬೇಕು? ಸ್ವಲ್ಪ ತೊಂದರೆ ಕೊಡಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಫೋನು ಚೀಲಕ್ಕೆ ಹಾಕಿ, ನೆಲದ ಮೇಲೆ ಕೂತ್ಕೊಳ್ಳಿ. "ಏನು ಮಾಡಿದೀಯಾ, ಹಾಕು" ಅಂತ ಬಾಯಿಬಿಟ್ಟು ಕೇಳಿ. ಎರಡನೇ ಸಲ ಬಡಿಸೋಕೆ ಬಂದರೆ ಕೈ ಅಡ್ಡ ಇಡಬೇಡಿ. ಆ ಮನೇಲಿ ಈ ವರ್ಷ ಏನಾಯ್ತು, ಯಾರು ಹೋದ್ರು, ಯಾರು ಅತ್ರು, ಅದನ್ನ ತಿಳ್ಕೊಂಡು ಎದ್ದೇಳಿ.

ಕೋಟೆ ಇವತ್ತು ಬಾಗಿಲು ಹಾಕಿದರೆ ನಾಳೆ ಬೆಳಿಗ್ಗೆ ತೆಗೀತಾರೆ. ನಿಮಗೋಸ್ಕರ ಎಲೆ ತೊಳೆದಿಟ್ಟು ಕಾಯ್ತಿರೋ ಒಬ್ಬರು ಎಲ್ಲೋ ಇದ್ದಾರೆ. ಅವರು ಯಾರು ಅಂತ ನಿಮಗೆ ಗೊತ್ತು. ಅವರು ಕಾಯೋದನ್ನ ಬಿಡೋಕೆ ಮೊದಲು ಹೋಗಿ.