ಎರಡನೇ ಪ್ಲೇಟ್ ಪರಂಗಿಕಾಯಿ ಸಲಾಡ್

ಬ್ರೂಕ್‌ಫೀಲ್ಡಿನ ಪುಟ್ಟ ಥಾಯ್ ಹೋಟೆಲಿನಲ್ಲಿ ನೀಲಪ್ಪ ಪಾರ್ಸೆಲ್ಲಿಗೆ ಕಾಯುತ್ತಿದ್ದ. ಪಕ್ಕದಲ್ಲೇ ಇಬ್ಬರು ಹುಡುಗಿಯರು ಕೈ ತೊಳೆಯುವ ನೆಪದಲ್ಲಿ ಪಿಸುಗುಟ್ಟುತ್ತಿದ್ದರು.

“ವಾರಿಜಾ, ನಮ್ಮ ಮ್ಯಾನೇಜರ್ ಎರಡನೇ ಪ್ಲೇಟ್ ಸಲಾಡ್ ತರಿಸ್ಕೊಂಡ್ರು ಕಣೇ.”

“ತಿನ್ನಲಿ. ಅದಕ್ಕೆ ಒಣಸಿಗಡಿ ಕುಟ್ಟಿ ಹಾಕ್ತಾರೆ ಅಂತ ಗೊತ್ತಿದ್ದೇ ಇಲ್ಲಿಗೆ ಕರ್ಕೊಂಡು ಬಂದಿದ್ದು.”

“ಮೀನು ತಿನ್ನೋರೇ ಅಲ್ವಾ?”

“ತಿಂತಾರೆ. ನಮ್ಮಮ್ಮನ ಒಣಸಿಗಡಿ ಚಟ್ನಿ ಮಾತ್ರ ನಾತ ಅಂತ, ಆಫೀಸಲ್ಲಿ ಎಲ್ಲರೆದುರು ಡಬ್ಬಿ ಸಮೇತ ಕಸಕ್ಕೆ ಹಾಕಿಸಿದ್ರಲ್ಲ!”

“ಈಗೇನ್ ಮಾಡ್ತೀಯಾ?”

“ತಟ್ಟೆ ನೆಕ್ಕೋವರೆಗೂ ಸುಮ್ನಿರ್ತೀನಿ. ಆಮೇಲೆ ಎಲ್ಲರೆದುರೇ ಕೇಳ್ತೀನಿ: ಸಾರ್, ಇದೂ ಒಣಸಿಗಡೀನೇ, ಕಸದ ಬುಟ್ಟಿ ತರಿಸ್ಲಾ?”

ಮೂಲೆಯ ಟೇಬಲಿನಿಂದ ಕೂಗು ಬಂತು: “ವಾರಿಜಾ, ಬೇಗ ಬಾರಮ್ಮಾ! ಇನ್ನೊಂದು ಪ್ಲೇಟ್ ಹೇಳ್ತಿದೀನಿ!”

“ಬಂದೆ ಸಾರ್,” ಎಂದು ನಗುತ್ತಾ ಇಬ್ಬರೂ ಹೋದರು.

ಪಾರ್ಸೆಲ್ ಕೈಗೆ ಬಂದಿದ್ದರೂ ನೀಲಪ್ಪ ಕುರ್ಚಿ ಎಳೆದುಕೊಂಡು ಕೂತ.